ಕೈ ಕಡಿದರೆ ವಿದ್ಯೆ ಹೋದೀತೇ?

ಸ್ಟೀಮ್‌ಪಂಕ್ ವೆಸ್ಟರ್ನ್ ಹಾರರ್ ಕಾಮಿಕ್ಸ್ ಎಂಬ ಉದ್ದನೆಯ ಹೆಸರಿಗೆ ಹೆದರಬೇಕಾಗಿಲ್ಲ. 19ನೆಯ ಶತಮಾನದಲ್ಲಿ ನಡೆಯುವ ಕಥೆ, ಆದರೆ ಆ ಕಾಲದಲ್ಲಿ ಇರದಿದ್ದ ಯಂತ್ರಗಳು ಹಬೆ, ಹಿತ್ತಾಳೆ, ಹಲ್ಲುಗಾಲಿಗಳ ಬಲದಿಂದಲೇ ಓಡುತ್ತವೆ, ಇದು ಸ್ಟೀಮ್‌ಪಂಕ್. 1987ರಲ್ಲಿ ಕೆ. ಡಬ್ಲ್ಯೂ. ಜೀಟರ್ ಎಂಬ ಅಮೆರಿಕದ ಲೇಖಕ ಅರ್ಧ ತಮಾಷೆಗೆ ಇಟ್ಟ ಹೆಸರು ನಿಂತುಬಿಟ್ಟಿತು. ಕಾನೂನು ಇನ್ನೂ ಕಾಲೂರದ ಗಡಿಸೀಮೆ, ಕುದುರೆ, ಬಂದೂಕು, ಹೊಸ ರೈಲುಹಳಿ ಬಂದರೆ ವೆಸ್ಟರ್ನ್. ಸತ್ತವರು ಸುಮ್ಮನೆ ಮಲಗದಿದ್ದರೆ ಹಾರರ್. ಹೆಸರು ಹೊಸದು, ಬೆರಕೆ ಹಳೆಯದು: 1868ರಲ್ಲೇ ಎಡ್ವರ್ಡ್ ಎಲ್ಲಿಸ್ ಬರೆದ ಅಗ್ಗದ ಕಾದಂಬರಿಯೊಂದರಲ್ಲಿ ಗೂನುಬೆನ್ನಿನ ಹುಡುಗನೊಬ್ಬ ಹಬೆಯಿಂದ ನಡೆಯುವ ಕಬ್ಬಿಣದ ಮನುಷ್ಯನನ್ನು ಮಾಡಿ, ಅವನಿಗೆ ಗಾಡಿ ಹೂಡಿ, ಅಮೆರಿಕದ ಹುಲ್ಲುಗಾವಲಿಗೆ ಇಳಿಯುತ್ತಾನೆ. ವ್ಯಾಖ್ಯೆಗೆ ಇಷ್ಟು ಸಾಕು.

ಹೊಸ ಓದುಗರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಇಂಥ ಕಥೆಯ ಹುಚ್ಚು ವಿಜ್ಞಾನಿಯನ್ನು ಕಂಡಕೂಡಲೇ ಅವರ ಕಣ್ಣು ಯಂತ್ರದ ಮೇಲೆ ಬೀಳುತ್ತದೆ. ವಿದ್ಯೆ ಅತಿಯಾಯಿತು, ದೇವರ ಕೆಲಸಕ್ಕೆ ಕೈಹಾಕಿದ, ಆದ್ದರಿಂದ ಕೆಟ್ಟ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ 1818ರಲ್ಲಿ ಬಂದಾಗಿನಿಂದ ಇದೇ ತಪ್ಪು ಓದು. ಆ ಕಾದಂಬರಿಯಲ್ಲಿ ಜೀವ ಕೊಟ್ಟದ್ದರಿಂದ ಯಾರೂ ಸಾಯುವುದಿಲ್ಲ. ಜೀವ ಕೊಟ್ಟು ಮುಖ ತಿರುಗಿಸಿದ್ದರಿಂದ ಸಾಯುತ್ತಾರೆ. ತನಗೊಬ್ಬ ಜೊತೆಗಾತಿಯನ್ನು ಮಾಡಿಕೊಡು ಎಂದು ಆ ಜೀವಿ ಬೇಡುತ್ತದೆ. ಅದಕ್ಕೆ ಜೀವ ಕೊಟ್ಟ ವಿಕ್ಟರ್ ಒಪ್ಪಿ, ಅರ್ಧ ಮಾಡಿ, ಕಡೆಗೆ ಅದರ ಕಣ್ಣೆದುರಿಗೇ ಹರಿದು ಹಾಕುತ್ತಾನೆ. ಎರಡನೆಯದು ಹುಟ್ಟಬಾರದು ಎಂಬ ಆ ಗಳಿಗೆಯಿಂದ ಮುಂದೆ ಇನ್ನಷ್ಟು ಹೆಣಗಳು ಬೀಳುತ್ತಾ ಹೋಗುತ್ತವೆ. ಜೂಲ್ಸ್ ವರ್ನ್‌ನ ಕ್ಯಾಪ್ಟನ್ ನೆಮೋ ಕೂಡ ಇಂಥವನೇ. 1875ರ ‘ನಿಗೂಢ ದ್ವೀಪ’ದಲ್ಲಿ ಅವನ ಗುಟ್ಟು ಬಿಚ್ಚಿಕೊಳ್ಳುತ್ತದೆ: ಬುಂದೇಲಖಂಡದ ರಾಜಕುಮಾರ, ವರ್ನ್ ಹೇಳುವಂತೆ ನಮ್ಮ ಟಿಪ್ಪುವಿನ ಸೋದರಳಿಯ, 1857ರ ದಂಗೆಯಲ್ಲಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. (ಮೈಸೂರಿನ ಕಬ್ಬಿಣದ ರಾಕೆಟ್‌ಗಳ ಹೆಸರು ಯುರೋಪಿನಲ್ಲಿ ಆಗಲೇ ಹಬ್ಬಿತ್ತು, ಜಲಾಂತರ್ಗಾಮಿ ಕಟ್ಟುವವನಿಗೆ ಟಿಪ್ಪುವಿನ ನೆಂಟಸ್ತಿಕೆ ಕಟ್ಟಿದ್ದು ಎಷ್ಟು ಸೊಗಸು!) ಅವನ ನೌಕೆಯನ್ನು ವಿದ್ಯುತ್ತು ಓಡಿಸುತ್ತದೆ, ಅವನನ್ನು ಆ ಸಾವುಗಳ ಸೇಡು ಓಡಿಸುತ್ತದೆ. 1999ರಲ್ಲಿ ಅಲನ್ ಮೂರ್ ಮತ್ತು ಕೆವಿನ್ ಓನೀಲ್ ಇದೇ ನೆಮೋನನ್ನು ತಮ್ಮ ಕಾಮಿಕ್ಸ್‌ಗೆ ತಂದಾಗಲೂ ಆ ಸಿಟ್ಟನ್ನು ಕಳಚಿಡಲಿಲ್ಲ.

ಹಾಗಾದರೆ ಈ ಪ್ರಕಾರದ ಕಥೆಯಲ್ಲಿ ಹುಚ್ಚು ಇರುವುದೆಲ್ಲಿ? ಉತ್ತರ ಹುಡುಕಲು ಅಮೆರಿಕದ ಮರುಭೂಮಿಗೆ ಹೋಗಬೇಕಿಲ್ಲ. ತುಳುನಾಡಿನ ಮಡಂತ್ಯಾರಿನಿಂದ ಗುರುವಾಯನಕೆರೆಗೆ ಬಂದು ವೇಣೂರಿನ ದಾರಿ ಹಿಡಿದರೆ ಫಲ್ಗುಣಿಯ ದಂಡೆಯಲ್ಲಿ ಒಂದು ಗೊಮ್ಮಟ. ಮೂಡುಬಿದಿರೆಯನ್ನು ದಾಟಿ ಹೋದರೆ ಕಾರ್ಕಳದ ಬಂಡೆಯ ಮೇಲೆ ಅದಕ್ಕಿಂತ ಎತ್ತರದ, 42 ಅಡಿಯ ಇನ್ನೊಂದು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಕಥೆ ಕಲ್ಕುಡ ಕಲ್ಲುರ್ಟಿಯ ಪಾಡ್ದನ, ಅಂದರೆ ತುಳುವಿನ ಕಥನಗೀತೆ. ನೇಜಿ ನೆಡುವ ಗದ್ದೆಯಲ್ಲಿ ಹೆಂಗಸರು, ದೈವಗಳ ಆರಾಧನೆಯಾದ ಕೋಲದ ಹೊತ್ತಿಗೆ ದೈವ ಕಟ್ಟುವವರ ಮನೆಮಂದಿ ಹಾಡಿಕೊಂಡು ಬಂದದ್ದು. ಬರ್ನೆಲ್ ಎಂಬ ಬ್ರಿಟಿಷ್ ವಿದ್ವಾಂಸ ಸಂಗ್ರಹಿಸಿದ ತುಳುನಾಡಿನ ದೈವಕಥೆಗಳು 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದಾಗ ಇದೂ ಹೊರಜಗತ್ತಿಗೆ ತಿಳಿಯಿತು. ಕಥೆಯ ಹಂದರ ಹೀಗಿದೆ: ಬೀರು ಕಲ್ಕುಡ ಎಂಬ ಕಲ್ಲುಕುಟಿಗ ಕಾರ್ಕಳದ ಬೈರವ ಅರಸನಿಗಾಗಿ ಗೊಮ್ಮಟನನ್ನು ಕಡೆಯುತ್ತಾನೆ. ಅರಸ ಕಣ್ತುಂಬ ನೋಡುತ್ತಾನೆ, ಮರುಳಾಗುತ್ತಾನೆ, ಇಂಥದ್ದು ಇನ್ನೊಬ್ಬ ಅರಸನ ಸೀಮೆಯಲ್ಲಿ ಏಳಬಾರದೆಂದು ಉಡುಗೊರೆಗಾಗಿ ಕಾದು ನಿಂತವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಯಾವ ಕೈ, ಯಾವ ಕಾಲು ಎಂಬುದು ಹಾಡುವವರಿಂದ ಹಾಡುವವರಿಗೆ ಬದಲಾಗುತ್ತದೆ. ಕಲ್ಕುಡ ಹಾಗೇ ವೇಣೂರಿಗೆ ಹೋಗಿ, ಅಜಿಲ ಅರಸನ ಆಶ್ರಯದಲ್ಲಿ, ಉಳಿದ ಒಂದೇ ಕೈಯಿಂದ ಇನ್ನೊಂದು ಗೊಮ್ಮಟನನ್ನು ನಿಲ್ಲಿಸುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿ ನೋಡುತ್ತಾಳೆ. ಇಬ್ಬರೂ ಮಾಯಕ್ಕೆ ಸಂದು ದೈವಗಳಾಗಿ ಕಾರ್ಕಳಕ್ಕೆ ಬೆಂಕಿಯಿಡುತ್ತಾರೆ.

ಇಲ್ಲಿ ಹುಚ್ಚು ಯಾರದ್ದು ಎಂದು ನಿಧಾನವಾಗಿ ನೋಡಿ. ಶಿಲ್ಪಿ ತನ್ನ ಕೆಲಸದಲ್ಲಿ ಯಾವ ಮಿತಿಯನ್ನೂ ಮೀರಿಲ್ಲ. ಅರಸನಾದರೂ ಕಲೆ ತಿಳಿಯದ ಒರಟನಲ್ಲ. ನೋಡಿ ಮೆಚ್ಚಿದವನು, ಮೆಚ್ಚಿದ್ದರಿಂದಲೇ ಕತ್ತಿ ತೆಗೆದವನು. ಕಳಪೆ ಗೊಮ್ಮಟನನ್ನು ಕೆತ್ತಿದ್ದರೆ ಕಲ್ಕುಡ ಎರಡು ಕೈ ಬೀಸಿಕೊಂಡು ಮನೆಗೆ ಹೋಗುತ್ತಿದ್ದ. ಅರಸನ ತಲೆಯಲ್ಲಿ ಒಂದು ಸಿದ್ಧಾಂತವಿದೆ: ವಿದ್ಯೆ ಕೈಯಲ್ಲಿದೆ, ಕೈ ತನ್ನ ಸೀಮೆಯಲ್ಲಿದೆ, ಆದ್ದರಿಂದ ವಿದ್ಯೆ ತನ್ನ ಸೊತ್ತು. ಸಿದ್ಧಾಂತವನ್ನು ಜೀವಂತ ದೇಹದ ಮೇಲೆ ಪ್ರಯೋಗಿಸಿ ನೋಡುತ್ತಾನೆ. ಹುಚ್ಚು ವಿಜ್ಞಾನವೆಂದರೆ ಇದಕ್ಕಿಂತ ಬೇರೆ ಏನು? ಪ್ರಯೋಗದ ಫಲಿತಾಂಶ ವೇಣೂರಿನಲ್ಲಿ ನಿಂತಿದೆ ಎನ್ನುತ್ತದೆ ಪಾಡ್ದನ. ಸ್ಟೀಮ್‌ಪಂಕ್ ಚಿತ್ರಗಾರರಿಗೆ ಬಲು ಪ್ರಿಯವಾದ ಕಬ್ಬಿಣದ ಕೃತಕ ಕೈಯನ್ನು ನಮ್ಮ ಹಾಡುಗಾರ್ತಿಯರು ಕಲ್ಕುಡನಿಗೆ ಕೊಡಲಿಲ್ಲ ಎಂಬುದನ್ನೂ ಗಮನಿಸಬೇಕು. ಅಲ್ಲಿಯ ಕಥೆಗಳಲ್ಲಿ ಕಳೆದುಹೋದ ಅಂಗದ ಜಾಗಕ್ಕೆ ಯಂತ್ರ ಬರುತ್ತದೆ, ಯಂತ್ರದೊಳಗೆ ಬಂದೂಕು ಅಡಗಿರುತ್ತದೆ, ನಾಯಕ ಮೊದಲಿಗಿಂತ ಬಲಿಷ್ಠನಾಗುತ್ತಾನೆ. ಇಲ್ಲಿ ಕಡಿದ ಕೈ ಕಡಿದದ್ದೇ. ಅರಸನ ಲೆಕ್ಕ ತಪ್ಪು ಎಂದು ತೋರಿಸಲು ಇನ್ನೊಂದು ಕೈ ಸಾಕಾಯಿತು, ಆದರೆ ನೋವಿನ ಲೆಕ್ಕ ಅದರಿಂದ ತೀರಲಿಲ್ಲ. ಅದನ್ನು ತೀರಿಸಲು ತಂಗಿ ಬೇಕಾಯಿತು. ಕಥೆಯಲ್ಲಿ ಪ್ರೀತಿ ಎರಡು ಬಗೆ: ಮೆಚ್ಚಿದ್ದು ತನ್ನಲ್ಲಿ ಮಾತ್ರ ಇರಬೇಕೆಂಬ ಅರಸನದು ಒಂದು, ಅಣ್ಣನ ಮೈಯ ಗಾಯವನ್ನು ತನ್ನದೆಂದು ಹೊತ್ತುಕೊಂಡ ಕಲ್ಲುರ್ಟಿಯದು ಇನ್ನೊಂದು. ಮೊದಲನೆಯದು ಕತ್ತಿ ಹಿಡಿಯಿತು, ಎರಡನೆಯದು ಬೆಂಕಿ ಹಿಡಿಯಿತು.

ಇತಿಹಾಸ ಓದಿದವರು ಇಲ್ಲಿ ಕೈಯೆತ್ತುವುದು ನ್ಯಾಯವೇ. ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯ ಸ್ಥಾಪಿಸಿದ್ದು 1432ರಲ್ಲಿ, ವೇಣೂರಿನದನ್ನು ತಿಮ್ಮಣ್ಣ ಅಜಿಲ ಸ್ಥಾಪಿಸಿದ್ದು 1604ರಲ್ಲಿ. ನಡುವೆ 172 ವರ್ಷ. ಎರಡು ಕೈ ಗಟ್ಟಿಯಾಗಿದ್ದರೂ ಒಬ್ಬ ಶಿಲ್ಪಿ ಎರಡನ್ನೂ ಕೆತ್ತಲಾರ. ಸರಿ. ಆದರೆ ಇದರಿಂದ ಪಾಡ್ದನ ಸುಳ್ಳಾಯಿತು ಎನ್ನುವುದು ಅವಸರದ ಮಾತು. ಶಾಸನ ಕೇಳುವ ಪ್ರಶ್ನೆ, ಮಾಡಿಸಿದವರು ಯಾರು, ಯಾವ ಗುರುವಿನ ಮಾತಿನಿಂದ, ಯಾವ ದಿನ. ಪಾಡ್ದನ ಕೇಳುವ ಪ್ರಶ್ನೆ, ಮಾಡಿದವನಿಗೆ ಏನಾಯಿತು. ಈ ಪ್ರಶ್ನೆಗೆ ಜಾಗ ಮಾಡಲು ಅದು 172 ವರ್ಷಗಳನ್ನು ಒಬ್ಬನ ಆಯುಸ್ಸಿಗೆ ಮಡಚಿತು. ಮಡಚಿದ್ದು ಸುಮ್ಮನೆಯೂ ಅಲ್ಲ: 1604ರಲ್ಲಿ ಕಾರ್ಕಳದ ಅರಸ ವೇಣೂರಿನ ಗೊಮ್ಮಟನನ್ನು ಸಹಿಸದೆ ಅದು ತನಗೆ ಬೇಕೆಂದು ದಂಡೆತ್ತಿ ಬಂದ, ಅಜಿಲ ಅದನ್ನು ಫಲ್ಗುಣಿಯ ಮರಳಿನಲ್ಲಿ ಹೂತು ಉಳಿಸಿದ ಎಂಬ ಐತಿಹ್ಯ ಬೇರೆಯಾಗಿಯೇ ಇದೆ. ಎರಡನೆಯ ಗೊಮ್ಮಟ ಏಳಬಾರದೆಂಬ ಮತ್ಸರವನ್ನು ಅರಮನೆಯ ಕಡೆಯ ಐತಿಹ್ಯ ಎರಡು ಸಂಸ್ಥಾನಗಳ ಜಗಳವಾಗಿ ನೆನೆಯಿತು, ಗದ್ದೆಯ ಹಾಡು ಒಬ್ಬ ಕೂಲಿಯವನ ಮೈಮೇಲಿನ ಗಾಯವಾಗಿ ನೆನೆಯಿತು.

ಕಲ್ಲು ಕೆತ್ತುವುದು ಕಸುಬು, ಅದನ್ನು ವಿಜ್ಞಾನ ಎನ್ನಬಹುದೇ ಎಂಬುದು ಇನ್ನೊಂದು ಆಕ್ಷೇಪ. ಆಕ್ಷೇಪಿಸುವವರು ಒಮ್ಮೆ ಕಾರ್ಕಳದ ಗೊಮ್ಮಟನ ತೂಕವನ್ನು ಯೋಚಿಸಲಿ, ಸುಮಾರು 80 ಟನ್ ಎಂದು ಅಂದಾಜು. ಬಿರುಕಿಲ್ಲದ ಬಂಡೆ ಆಯಬೇಕು. ಕೆಳಗೆ ನಿಂತು ನೋಡುವ ಕಣ್ಣಿಗೆ ಮುಖ ಚಿಕ್ಕದಾಗಿ ಕಾಣದಂತೆ ಅಳತೆ ತಿದ್ದಬೇಕು. ಒಂದು ಉಳಿಯೇಟು ಜಾಸ್ತಿಯಾದರೆ ತೇಪೆ ಹಾಕುವಂತಿಲ್ಲ. ಆಮೇಲೆ ಅದನ್ನು ಬಂಡೆಯ ನೆತ್ತಿಗೆ ಏರಿಸಬೇಕು. ಹೇಗೆ ಏರಿಸಿದರು ಎಂಬುದಕ್ಕೆ 19ನೆಯ ಶತಮಾನದಲ್ಲಿ ವಾಲ್‌ಹೌಸ್ ಎಂಬ ಅಧಿಕಾರಿ ಬರೆದಿಟ್ಟ ಸ್ಥಳೀಯ ಐತಿಹ್ಯವನ್ನು ಓದಿದರೆ ಯಾವ ಸ್ಟೀಮ್‌ಪಂಕ್ ಚಿತ್ರಗಾರನೂ ಪೆನ್ಸಿಲ್ ಕೈಗೆತ್ತಿಕೊಂಡಾನು: ಉಕ್ಕಿನ ಗಾಲಿಗಳ ಇಪ್ಪತ್ತು ಕಬ್ಬಿಣದ ಬಂಡಿಗಳು, ಒಡೆದ ಸಾವಿರಾರು ತೆಂಗಿನಕಾಯಿ, ಮೆತ್ತೆಗೆ ಹರಡಿದ ಹತ್ತಿ, ಇಳಿಜಾರಿನ ಉದ್ದಕ್ಕೂ ಎಳೆಯುವ ಭಕ್ತರ ಹಿಂಡು. ಹಬೆಯೊಂದಿಲ್ಲ ಅಷ್ಟೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಮಡಂತ್ಯಾರಿನ ಕಡೆಯ ಯಾವ ಮನೆಯಲ್ಲಾದರೂ ಕೇಳಿಬರುವಂಥದು. ಕಲ್ಕುಡ ಕಲ್ಲುರ್ಟಿ ನಾವು ನಂಬಿಕೊಂಡು ಬಂದ ದೈವಗಳು. ಅವರನ್ನು ಕಾಮಿಕ್ಸಿನ ಪಿಶಾಚಿಗಳ ಸಾಲಿಗೆ ಸೇರಿಸುವುದು ಸಲ್ಲದು. ಈ ಮಾತನ್ನು ಬದಿಗೆ ಸರಿಸಬಾರದು, ಏಕೆಂದರೆ ಎರಡು ಪರಂಪರೆಗಳ ನಿಜವಾದ ವ್ಯತ್ಯಾಸ ಇದರಲ್ಲೇ ಇದೆ. ಪಶ್ಚಿಮದ ಭಯಾನಕ ಕಥೆಯಲ್ಲಿ ಅನ್ಯಾಯಕ್ಕೆ ಸಿಕ್ಕಿ ಸತ್ತವನು ಮರಳಿ ಬಂದರೆ ಕಥೆ ಮುಗಿಯುವುದು ಅವನನ್ನು ಮತ್ತೊಮ್ಮೆ ಕೊಂದಾಗ. ಬೆಳ್ಳಿಯ ಗುಂಡು, ಬೆಂಕಿ, ಸ್ಫೋಟ. ಕುದುರೆಯೇರಿದವನು ಊರು ಬಿಟ್ಟು ಹೋಗುತ್ತಾನೆ. ತುಳುನಾಡಿನಲ್ಲಿ ಹಾಗೆ ಕೊಂದು ಮುಗಿಸುವ ಯೋಚನೆಯೇ ಇಲ್ಲ. ಮುನಿದವರಿಗೆ ಸ್ಥಾನ ಕೊಡಬೇಕು, ವರ್ಷಾವಧಿ ಕೋಲ ಕೊಡಬೇಕು, ಅವರು ನುಡಿಯುವುದನ್ನು ಊರಿನ ಗುತ್ತಿನವರೂ ಕೈಮುಗಿದು ಕೇಳಬೇಕು. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಅಗೇಲು ಸೇವೆ ಕೊಡಲು ಬರುವವರನ್ನು ನೋಡಿದರೆ ಇದು ಅರ್ಥವಾಗುತ್ತದೆ: ಬಾಳೆಲೆಯಲ್ಲಿ ಅನ್ನ, ಕೋಳಿಪದಾರ್ಥ ಬಡಿಸಿ, ಕಳೆದುಹೋದ ವಸ್ತುವಿನಿಂದ ಹಿಡಿದು ನ್ಯಾಯ ಸಿಗದ ವ್ಯಾಜ್ಯದವರೆಗೆ ತಮ್ಮ ಕಷ್ಟವನ್ನು ಅವಳ ಮುಂದಿಡುತ್ತಾರೆ. ಒಂದು ಊರನ್ನು ಸುಟ್ಟವಳೆಂದು ಹಾಡಿನಲ್ಲಿ ಕೇಳಿದವಳನ್ನೇ ಕರೆಯುತ್ತಾರೆ. ಅನ್ಯಾಯವನ್ನು ಅವಳಷ್ಟು ಬಲ್ಲವರು ಯಾರು? ಆದ್ದರಿಂದ ಕಾಮಿಕ್ಸಿನ ಜೊತೆ ಇಟ್ಟು ನೋಡಿದರೆ ದೈವಕ್ಕೆ ಕುಂದು ಬರುತ್ತದೆಂದು ನನಗೆ ತೋರುವುದಿಲ್ಲ. ಕುಂದು ಕಾಣುವುದು ಕಾಮಿಕ್ಸಿನಲ್ಲಿ. ಸಿಟ್ಟಿಗೆ ಕಾರಣ ಕೊಟ್ಟವರು ಸಿಟ್ಟಾದವರೊಂದಿಗೆ ಮುಂದೆ ಬಾಳುವುದು ಹೇಗೆ ಎಂಬ ಪುಟವನ್ನು ಅದು ಬರೆಯುವುದೇ ಇಲ್ಲ.

ಹಾಗೆಂದು ಕಾಮಿಕ್ಸ್ ಬಡ ಮಾಧ್ಯಮ ಎಂದುಕೊಳ್ಳಬಾರದು. ಅದರ ಶಕ್ತಿ ಚಿತ್ರಗಳಲ್ಲಿರುವಷ್ಟೇ ಚಿತ್ರಚೌಕಟ್ಟುಗಳ ನಡುವಣ ಖಾಲಿ ಪಟ್ಟಿಯಲ್ಲೂ ಇದೆ. 1993ರ ತನ್ನ ಪುಸ್ತಕದಲ್ಲಿ ಸ್ಕಾಟ್ ಮೆಕ್ಲೌಡ್ ಇದನ್ನು ಬಹಳ ಚೆನ್ನಾಗಿ ತೋರಿಸಿಕೊಟ್ಟ: ಒಂದು ಚೌಕಟ್ಟಿನಲ್ಲಿ ಎತ್ತಿದ ಕೊಡಲಿ, ಮುಂದಿನದರಲ್ಲಿ ಊರಿನ ಮೇಲೆ ಹಾಯುವ ಚೀತ್ಕಾರ, ಏಟು ಹಾಕುವವನು ಓದುಗ. ಪಾಡ್ದನದ ಹಾಡುಗಾರರಿಗೂ ಈ ಖಾಲಿ ಜಾಗದ ಬಳಕೆ ಗೊತ್ತು. ಮನುಷ್ಯರು ಮಾಯಕ್ಕೆ ಸಲ್ಲುವ ಗಳಿಗೆಯನ್ನು ವಿವರಿಸುತ್ತಾ ಕೂರುವುದಿಲ್ಲ. ಈಗ ಇದ್ದರು, ಈಗ ಇಲ್ಲ, ಆಚೆಗೆ ಬೆಂಕಿ ಎದ್ದಿತು. ಭಾರತದಲ್ಲಿ ಕಾಮಿಕ್ಸನ್ನು ಮನೆಮಾತಾಗಿಸಿ 1967ರಲ್ಲಿ ‘ಅಮರ ಚಿತ್ರಕಥೆ’ ಶುರುಮಾಡಿದ ಅನಂತ ಪೈ ಹುಟ್ಟಿದ್ದು 1929ರಲ್ಲಿ, ಅದೇ ಕಾರ್ಕಳದಲ್ಲಿ. ಇಂಥ ಕಾಕತಾಳೀಯದ ಮೇಲೆ ವಾದ ಕಟ್ಟಬಾರದು, ಆದರೂ ಹೇಳದೆ ಇರಲಾಗುವುದಿಲ್ಲ.

ಬೈರವ ಅರಸನ ಪ್ರಯೋಗಕ್ಕೆ 20ನೆಯ ಶತಮಾನ ಇನ್ನೊಂದು ಫಲಿತಾಂಶ ಸೇರಿಸಿತು. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ 39 ಅಡಿಯ ಗೊಮ್ಮಟನನ್ನು ಕೆತ್ತಿದರು. 1973ರಲ್ಲಿ ಆ ಮೂರ್ತಿ ಬಹುಗಾಲಿಯ ದೈತ್ಯ ಟ್ರಾಲಿಯ ಮೇಲೆ ಮಲಗಿ ಕಾರ್ಕಳ ಬಿಟ್ಟು ಹೊರಟು ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಸೇರಿತು, 1982ರಲ್ಲಿ ಪ್ರತಿಷ್ಠೆಯಾಯಿತು. ಹಳೆಯ ಅರಸ ಹೆದರಿದ್ದು ಹಗಲು ಹೊತ್ತಿನಲ್ಲಿ, ಜನರ ಜಯಕಾರದ ನಡುವೆ ನಡೆದುಹೋಯಿತು, ಶಿಲ್ಪಿಯ ಹೆಸರು ಎಲ್ಲರ ಬಾಯಲ್ಲಿತ್ತು.

ಈ ವಿಷಯ ಇಷ್ಟಕ್ಕೆ ಬಿಡುವಂಥದಲ್ಲ. ತುಳು ಜಾನಪದದ ವಿದ್ವಾಂಸರಾದ ಬಿ. ಎ. ವಿವೇಕ ರೈ, ಅಮೃತ ಸೋಮೇಶ್ವರ, ಕೆ. ಚಿನ್ನಪ್ಪ ಗೌಡರಂಥವರ ಕೆಲಸ ನಮ್ಮ ಕೈಯಲ್ಲಿದೆ. ಅದರಿಂದ ಶುರುಮಾಡಿ ಕಲ್ಕುಡ ಕಲ್ಲುರ್ಟಿಯ ಪಾಠಗಳನ್ನು ಪಕ್ಕಪಕ್ಕ ಇಟ್ಟು ಓದುವವರು ಬೇಕು. ಯಾವ ಪಾಠದಲ್ಲಿ ಯಾವ ಕೈ ಹೋಯಿತು? ಹೆಂಗಸರು ಗದ್ದೆಯಲ್ಲಿ ಹಾಡಿದಾಗ ತಂಗಿಯ ಪಾಲು ಹಿಗ್ಗುತ್ತದೆಯೇ? ಕಡಿಯುವ ಮೊದಲು ಅರಸ ಆಡುವ ಮಾತು ಒಂದೇ ಬಗೆಯದೇ? ಕಾಲೇಜಿನಲ್ಲಿ ಚಿತ್ರ ಬರೆಯುವ ಹುಡುಗ ಹುಡುಗಿಯರು ಟ್ಯಾಬ್ಲೆಟ್ಟಿನಲ್ಲಿ ಹಿತ್ತಾಳೆಯ ಕೈ, ಹೊಗೆಯುಗುಳುವ ರೈಲು ಬರೆಯುವುದಾದರೆ ಬರೆಯಲಿ, ಚಂದವೇ. ಅದಕ್ಕೆ ಮುಂಚೆ ಒಂದು ಮಳೆಗಾಲ ಇನ್ನೂ ಹಾಡಬಲ್ಲ ಅಜ್ಜಿಯೊಬ್ಬರ ಚಾವಡಿಯಲ್ಲಿ ರೆಕಾರ್ಡರ್ ಇಟ್ಟುಕೊಂಡು ಕೂರಲಿ, ಮತ್ತು ಅವರ ಹೆಸರನ್ನು ಮೊದಲ ಪುಟದಲ್ಲಿ ಅಚ್ಚುಹಾಕಿಸಲಿ.