ಉಪಗ್ರಹ ಚಿತ್ರಗಳು ಮತ್ತು ನಕ್ಷಾ ಸಂಶೋಧನೆ

ಭೂಮಿಯನ್ನು ಸುತ್ತುವ ಕೃತಕ ಉಪಗ್ರಹಗಳ ಸಂವೇದಕಗಳು ದಾಖಲಿಸುವ ಭೂಮೇಲ್ಮೈಯ ಚಿತ್ರಗಳನ್ನು ಉಪಗ್ರಹ ಚಿತ್ರಗಳು ಎನ್ನುತ್ತಾರೆ. ಭೂಗೋಳಶಾಸ್ತ್ರ, ಪರಿಸರ ವಿಜ್ಞಾನ, ಕೃಷಿ, ನಗರ ಯೋಜನೆ, ಪುರಾತತ್ತ್ವ ಮೊದಲಾದ ಕ್ಷೇತ್ರಗಳ ಸಂಶೋಧಕರು ನಕ್ಷೆಗಳನ್ನು ರಚಿಸಲು ಇವನ್ನು ಬಳಸುತ್ತಾರೆ. ಸಂಶೋಧನೆಯ ದೃಷ್ಟಿಯಿಂದ ಉಪಗ್ರಹ ಚಿತ್ರವು ಅಳತೆಗಳ ಸಂಗ್ರಹವಾಗಿದೆ. ಅದರ ಪ್ರತಿಯೊಂದು ಪಿಕ್ಸೆಲ್ ನೆಲದ ಒಂದು ತುಂಡಿನಿಂದ ಪ್ರತಿಫಲಿಸಿದ ಅಥವಾ ಹೊರಸೂಸಿದ ಶಕ್ತಿಯ ಪ್ರಮಾಣವನ್ನು ಸಂಖ್ಯೆಯಾಗಿ ಸೂಚಿಸುತ್ತದೆ. ಆದ್ದರಿಂದ ಚಿತ್ರವನ್ನು ಯಾವ ಉಪಗ್ರಹವು ಯಾವ ದಿನ ತೆಗೆಯಿತು, ಅದನ್ನು ಹೇಗೆ ಸಂಸ್ಕರಿಸಲಾಯಿತು ಎಂಬ ವಿವರಗಳ ಮೇಲೆ ನಕ್ಷೆಯ ವಿಶ್ವಾಸಾರ್ಹತೆ ನಿಂತಿದೆ.

ಇತಿಹಾಸ

ನಾಗರಿಕ ಬಳಕೆಯ ಭೂವೀಕ್ಷಣೆಯಲ್ಲಿ 1972ರ ಜುಲೈ 23ರಂದು ಅಮೆರಿಕವು ಉಡಾಯಿಸಿದ ಲ್ಯಾಂಡ್‌ಸ್ಯಾಟ್-1 ಮಹತ್ವದ ಘಟ್ಟವಾಗಿದೆ. ಭಾರತದ ಮೊದಲ ಕಾರ್ಯಾಚರಣಾ ದೂರಸಂವೇದಿ ಉಪಗ್ರಹವಾದ ಐಆರ್‌ಎಸ್-1ಎ, 1988ರ ಮಾರ್ಚ್ 17ರಂದು ಸೋವಿಯತ್ ಒಕ್ಕೂಟದ ಬೈಕನೂರಿನಿಂದ ಉಡಾವಣೆಗೊಂಡಿತು. ಹಲವು ದಶಕಗಳ ಕಾಲ ಇಂತಹ ಚಿತ್ರಗಳನ್ನು ಹಣ ಕೊಟ್ಟು ಪಡೆಯಬೇಕಾಗಿದ್ದುದರಿಂದ ಸಂಶೋಧಕರು ಒಂದೆರಡು ಚಿತ್ರಗಳಲ್ಲೇ ತೃಪ್ತರಾಗಬೇಕಿತ್ತು. 2008ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯು ಲ್ಯಾಂಡ್‌ಸ್ಯಾಟ್ ಸಂಗ್ರಹವನ್ನು ಉಚಿತವಾಗಿ ತೆರೆದ ಬಳಿಕ, ಒಂದೇ ಪ್ರದೇಶದ ನೂರಾರು ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸುವ ಅಧ್ಯಯನಗಳು ಸಾಧ್ಯವಾದವು.

ದತ್ತಾಂಶದ ಮೂಲಗಳು

ಉಚಿತವಾಗಿ ದೊರೆಯುವ ಪ್ರಮುಖ ದತ್ತಾಂಶಗಳು ಹೀಗಿವೆ:

• ಲ್ಯಾಂಡ್‌ಸ್ಯಾಟ್: ಅರ್ತ್ ಎಕ್ಸ್‌ಪ್ಲೋರರ್ ತಾಣದಲ್ಲಿ 1972ರಿಂದ ಇಂದಿನವರೆಗಿನ ಚಿತ್ರಗಳು ಲಭ್ಯವಿವೆ. ಲ್ಯಾಂಡ್‌ಸ್ಯಾಟ್ 8 ಮತ್ತು 9ರ ಬಹುತೇಕ ಬ್ಯಾಂಡ್‌ಗಳ ಪಿಕ್ಸೆಲ್ ಅಳತೆ 30 ಮೀಟರ್. ಎರಡೂ ಉಪಗ್ರಹಗಳು ಸೇರಿ 8 ದಿನಗಳಿಗೊಮ್ಮೆ ಒಂದೇ ಸ್ಥಳವನ್ನು ದಾಖಲಿಸುತ್ತವೆ.
• ಸೆಂಟಿನೆಲ್-2: ಯೂರೋಪಿನ ಕೋಪರ್ನಿಕಸ್ ಕಾರ್ಯಕ್ರಮದ ಈ ಉಪಗ್ರಹಗಳು 2015ರಿಂದ 13 ಬ್ಯಾಂಡ್‌ಗಳಲ್ಲಿ ಚಿತ್ರಗಳನ್ನು ಒದಗಿಸುತ್ತಿವೆ. ಇವುಗಳಲ್ಲಿ ನಾಲ್ಕು ಬ್ಯಾಂಡ್‌ಗಳ ಪಿಕ್ಸೆಲ್ ಅಳತೆ 10 ಮೀಟರ್.
• ಸೆಂಟಿನೆಲ್-1: ಇದು ರೇಡಾರ್ ಉಪಗ್ರಹವಾದ್ದರಿಂದ ಮೋಡದ ಮೂಲಕವೂ ರಾತ್ರಿಯಲ್ಲೂ ನೆಲವನ್ನು ದಾಖಲಿಸಬಲ್ಲದು.
• ರಿಸೋರ್ಸ್‌ಸ್ಯಾಟ್: ಇಸ್ರೋದ ಈ ಉಪಗ್ರಹಗಳ ಲಿಸ್-3 ಮೊದಲಾದ ದತ್ತಾಂಶಗಳನ್ನು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಭುವನ್ ಮತ್ತು ಭೂನಿಧಿ ತಾಣಗಳ ಮೂಲಕ ಒದಗಿಸುತ್ತದೆ.
• ಕೊರೋನಾ: 1960ರಿಂದ 1972ರವರೆಗೆ ಅಮೆರಿಕದ ಗೂಢಚಾರ ಉಪಗ್ರಹಗಳು ಫಿಲ್ಮಿನಲ್ಲಿ ತೆಗೆದ ಚಿತ್ರಗಳು. 1995ರಲ್ಲಿ ಇವುಗಳ ಗೋಪ್ಯತೆಯನ್ನು ತೆಗೆದುಹಾಕಲಾಯಿತು. ಲ್ಯಾಂಡ್‌ಸ್ಯಾಟ್‌ಗೆ ಹಿಂದಿನ ಭೂದೃಶ್ಯವನ್ನು ತಿಳಿಯಲು ಇವು ನೆರವಾಗುತ್ತವೆ.

ಗೂಗಲ್ ಅರ್ತ್‌ನಲ್ಲಿ ಕಾಣುವ ದೃಶ್ಯವು ಬೇರೆ ಬೇರೆ ದಿನಗಳ ಚಿತ್ರಗಳ ಜೋಡಣೆಯಾಗಿರಬಹುದು. ಅದರಲ್ಲಿ ಅವಕೆಂಪು ಬ್ಯಾಂಡ್‌ನ ಮೌಲ್ಯಗಳು ಸಿಗುವುದಿಲ್ಲ. ಸ್ಥಳವನ್ನು ಗುರುತಿಸಲು ಅದು ಉಪಯುಕ್ತವಾದರೂ ಅದರ ಪರದೆಚಿತ್ರವು ಮೂಲ ದತ್ತಾಂಶಕ್ಕೆ ಬದಲಿಯಾಗಲಾರದು.

ಚಿತ್ರದ ಆಯ್ಕೆ

ಅಧ್ಯಯನದ ವಸ್ತುವಿನ ಗಾತ್ರಕ್ಕೆ ತಕ್ಕ ಪಿಕ್ಸೆಲ್ ಅಳತೆಯನ್ನು ಆಯ್ದುಕೊಳ್ಳಬೇಕಾಗುತ್ತದೆ. ಒಂದು ಎಕರೆ ಜಮೀನು ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಸುಮಾರು ನಾಲ್ಕೂವರೆ ಪಿಕ್ಸೆಲ್‌ಗಳನ್ನೂ ಸೆಂಟಿನೆಲ್-2ರ 10 ಮೀಟರ್ ಬ್ಯಾಂಡ್‌ನಲ್ಲಿ ಸುಮಾರು 40 ಪಿಕ್ಸೆಲ್‌ಗಳನ್ನೂ ಆವರಿಸುತ್ತದೆ. ಹೀಗಾಗಿ ಸಣ್ಣ ಹಿಡುವಳಿಗಳ ಬೆಳೆ ನಕ್ಷೆಗೆ ಮೊದಲನೆಯದು ಸಾಲದು. ಆದರೆ ಮೂರು ದಶಕಗಳ ಅರಣ್ಯ ಬದಲಾವಣೆಯನ್ನು ತಿಳಿಯಲು ಲ್ಯಾಂಡ್‌ಸ್ಯಾಟ್‌ನ ದೀರ್ಘ ದಾಖಲೆಯೇ ಬೇಕು.

ಋತುವೂ ಅಷ್ಟೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಘಟ್ಟಗಳ ಮೇಲೆ ಮೋಡಗಳಿಲ್ಲದ ಚಿತ್ರ ಸಿಗುವುದು ವಿರಳ. ಈ ಅವಧಿಗೆ ರೇಡಾರ್ ದತ್ತಾಂಶ ಸಹಾಯಕವಾಗುತ್ತದೆ. ಸಂವೇದಕದ ದೋಷಗಳನ್ನೂ ಗಮನಿಸಬೇಕಾಗುತ್ತದೆ. 2003ರ ಮೇ 31ರಂದು ಲ್ಯಾಂಡ್‌ಸ್ಯಾಟ್-7ರ ಒಂದು ಭಾಗ ಕೆಟ್ಟ ಕಾರಣ, ಅನಂತರದ ಅದರ ಪ್ರತಿ ಚಿತ್ರದಲ್ಲೂ ಸುಮಾರು ಶೇ. 22ರಷ್ಟು ಭಾಗ ಪಟ್ಟಿಗಳ ರೂಪದಲ್ಲಿ ಖಾಲಿಯಾಗಿದೆ.

ಸಂಸ್ಕರಣೆ

ವಿವಿಧ ದಿನಗಳ ಚಿತ್ರಗಳನ್ನು ಹೋಲಿಸುವಾಗ ವಾತಾವರಣದ ಪ್ರಭಾವವನ್ನು ಕಳೆದ ಮೇಲ್ಮೈ ಪ್ರತಿಫಲನ ದತ್ತಾಂಶವನ್ನು ಬಳಸುವುದು ರೂಢಿ. ಸಂಸ್ಕರಣೆಯ ಆವೃತ್ತಿಯನ್ನೂ ಪರಿಶೀಲಿಸಬೇಕು. 2022ರ ಜನವರಿ 25ರಿಂದ ಸಂಸ್ಕರಿಸಲಾದ ಸೆಂಟಿನೆಲ್-2 ಚಿತ್ರಗಳಲ್ಲಿ ಪಿಕ್ಸೆಲ್ ಮೌಲ್ಯಗಳಿಗೆ 1000 ಕೂಡಿಸಲಾಗಿರುತ್ತದೆ. ಇದನ್ನು ಕಳೆಯದೆ ಹಿಂದಿನ ಆವೃತ್ತಿಯ ಚಿತ್ರಗಳೊಂದಿಗೆ ಹೋಲಿಸಿದರೆ ಇಲ್ಲದ ಬದಲಾವಣೆ ಇರುವಂತೆ ತೋರುತ್ತದೆ.

ವಿಸ್ತೀರ್ಣವನ್ನು ಲೆಕ್ಕಹಾಕಲು ಮೀಟರ್ ಆಧಾರಿತ ನಕ್ಷಾ ಪ್ರಕ್ಷೇಪ ಅಗತ್ಯ. ಬಹುತೇಕ ಕರ್ನಾಟಕವು ಯುಟಿಎಂ ಪ್ರಕ್ಷೇಪದ 43ನೆಯ ಉತ್ತರ ವಲಯದಲ್ಲಿದೆ. ಆದರೆ ವಲಯದ ಗಡಿಯಾದ 78 ಡಿಗ್ರಿ ಪೂರ್ವ ರೇಖಾಂಶವು ಬೆಂಗಳೂರಿಗೂ ಕೋಲಾರಕ್ಕೂ ನಡುವೆ ಹಾದುಹೋಗುವುದರಿಂದ ಕೋಲಾರ ನಗರವು 44ನೆಯ ವಲಯಕ್ಕೆ ಸೇರುತ್ತದೆ. ಇಂತಹ ಕೆಲಸಗಳಿಗೆ ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶವು ವ್ಯಾಪಕ ಬಳಕೆಯಲ್ಲಿದೆ.

ಉದಾಹರಣೆ: ಕೆರೆಗಳ ನಕ್ಷೆ

ನೀರು ಸಮೀಪದ ಅವಕೆಂಪು ಬೆಳಕನ್ನು ಬಹಳವಾಗಿ ಹೀರಿಕೊಳ್ಳುತ್ತದೆ. ಹಸಿರು ಬೆಳಕನ್ನು ಅದಕ್ಕಿಂತ ಹೆಚ್ಚು ಪ್ರತಿಫಲಿಸುತ್ತದೆ. ಈ ಎರಡು ಬ್ಯಾಂಡ್‌ಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ದೊರೆಯುವ ಎನ್‌ಡಿಡಬ್ಲ್ಯುಐ ಸೂಚ್ಯಂಕದಿಂದ ಕೆರೆಗಳನ್ನು ಗುರುತಿಸಬಹುದು. ಕರ್ನಾಟಕದ ಬಯಲುಸೀಮೆಯ ಕೆರೆಗಳು ಮುಖ್ಯವಾಗಿ ಮಳೆಯನ್ನು ಅವಲಂಬಿಸಿವೆ. ಒಂದು ವರ್ಷದ ನವೆಂಬರ್ ಚಿತ್ರವನ್ನು ಇನ್ನೊಂದು ವರ್ಷದ ಏಪ್ರಿಲ್ ಚಿತ್ರದೊಂದಿಗೆ ಹೋಲಿಸಿದರೆ ಬೇಸಿಗೆಯಲ್ಲಿ ಬತ್ತಿದ ಕೆರೆಯು ಒತ್ತುವರಿಯಾದ ಕೆರೆಯಂತೆ ಕಾಣುತ್ತದೆ. ಜೊಂಡು ಅಥವಾ ಅಂತರಗಂಗೆ ಮುಚ್ಚಿದ ಕೆರೆಯು ಸೂಚ್ಯಂಕದಲ್ಲಿ ಹಸಿರು ಪ್ರದೇಶವಾಗಿ ತೋರುತ್ತದೆ. ಆದ್ದರಿಂದ ಒಂದೇ ತಿಂಗಳಿನ ಹಲವು ವರ್ಷಗಳ ಚಿತ್ರಗಳನ್ನು ಮಳೆಯ ದಾಖಲೆಗಳೊಂದಿಗೆ ಇಟ್ಟು ನೋಡಬೇಕಾಗುತ್ತದೆ. ಕೆರೆಯ ಎಲ್ಲೆಯ ಬಗೆಗಿನ ತೀರ್ಮಾನಕ್ಕೆ ಗ್ರಾಮ ನಕ್ಷೆಯೂ ಸ್ಥಳ ಪರಿಶೀಲನೆಯೂ ಬೇಕು. ಚಿತ್ರವು ಆ ದಿನದ ನೀರಿನ ಹರವನ್ನಷ್ಟೇ ತಿಳಿಸುತ್ತದೆ.

ನಿಖರತೆಯ ಪರೀಕ್ಷೆ

ಸಿದ್ಧವಾದ ನಕ್ಷೆಯನ್ನು ಯಾದೃಚ್ಛಿಕವಾಗಿ ಆಯ್ದ ಬಿಂದುಗಳಲ್ಲಿ ಕ್ಷೇತ್ರಕಾರ್ಯದ ಮೂಲಕ ಅಥವಾ ಹೆಚ್ಚು ಸ್ಪಷ್ಟವಾದ ಚಿತ್ರಗಳ ಮೂಲಕ ಪರೀಕ್ಷಿಸಲಾಗುತ್ತದೆ. ಒಟ್ಟಾರೆ ನಿಖರತೆಯೊಂದನ್ನೇ ನೀಡುವುದು ದಾರಿ ತಪ್ಪಿಸಬಹುದು. ಶೇ. 95ರಷ್ಟು ಒಣನೆಲವಿರುವ ಪ್ರದೇಶದಲ್ಲಿ ಒಂದು ಕೆರೆಯನ್ನೂ ಗುರುತಿಸದ ನಕ್ಷೆಗೂ ಶೇ. 95ರಷ್ಟು ನಿಖರತೆ ದೊರೆಯುತ್ತದೆ. ಆ ಕಾರಣದಿಂದ ಪ್ರತಿಯೊಂದು ವರ್ಗದ ದೋಷವನ್ನು ಪ್ರತ್ಯೇಕವಾಗಿ ವರದಿ ಮಾಡಲಾಗುತ್ತದೆ.

ಪರವಾನಗಿ ಮತ್ತು ಉಲ್ಲೇಖ

ಲ್ಯಾಂಡ್‌ಸ್ಯಾಟ್ ದತ್ತಾಂಶದ ಬಳಕೆಗೆ ನಿರ್ಬಂಧಗಳಿಲ್ಲ. ಮೂಲವನ್ನು ಉಲ್ಲೇಖಿಸುವಂತೆ ಮಾತ್ರ ಕೋರಲಾಗುತ್ತದೆ. ಕೋಪರ್ನಿಕಸ್ ದತ್ತಾಂಶವನ್ನು ಮಾರ್ಪಡಿಸಿ ಪ್ರಕಟಿಸುವಾಗ ಆ ವಿಷಯವನ್ನು ವರ್ಷಸಹಿತ ಸೂಚಿಸಬೇಕು. ವಾಣಿಜ್ಯ ಚಿತ್ರಗಳ ಮರುಪ್ರಕಟಣೆಗೆ ಸಾಮಾನ್ಯವಾಗಿ ಅನುಮತಿ ಅಗತ್ಯ. ಸಂಶೋಧನಾ ಪ್ರಬಂಧದಲ್ಲಿ ಚಿತ್ರದ ಗುರುತುಸಂಖ್ಯೆ, ದಿನಾಂಕ, ಸಂಸ್ಕರಣಾ ಹಂತ ಮತ್ತು ಬಳಸಿದ ಪ್ರಕ್ಷೇಪವನ್ನು ನಮೂದಿಸಿದರೆ ಇತರರು ಅದೇ ನಕ್ಷೆಯನ್ನು ಪುನಃ ರಚಿಸಿ ಫಲಿತಾಂಶವನ್ನು ಪರಿಶೀಲಿಸಬಹುದು.