ಬೋವೆಯ ಮಹಾದೇವಾಲಯ: ಔನ್ನತ್ಯವೂ ಅದರ ಮಿತಿಯೂ

ಫ್ರಾನ್ಸ್ ದೇಶದ ಬೋವೆ ನಗರದಲ್ಲಿರುವ ಸಂತ ಪೀಟರನ ಮಹಾದೇವಾಲಯವು ಗಾಥಿಕ್ ಶಿಲ್ಪದ ಔನ್ನತ್ಯಕ್ಕೂ ಅದರ ಮಿತಿಗೂ ಏಕಕಾಲದಲ್ಲಿ ಪ್ರಮಾಣವಾಗಿರುವುದು. ಈ ಶಿಲ್ಪದಲ್ಲಿ ಮೇಲ್ಛಾವಣಿಯ ಭಾರವನ್ನು ಮೊನಚಾದ ಕಮಾನುಗಳು ಕಂಬಗಳಿಗೂ ಹೊರಗಣ ಆನಿಕೆಗಳಿಗೂ ಒಪ್ಪಿಸುತ್ತವೆ. ಆದುದರಿಂದಲೇ ಗೋಡೆಯ ಸ್ಥಾನದಲ್ಲಿ ಬಣ್ಣದ ಗಾಜಿನ ಕಿಟಕಿಗಳಿಗೆ ಅವಕಾಶವುಂಟಾಯಿತು.

1225ರಲ್ಲಿ ಆರಂಭವಾದ ಈ ಕಟ್ಟಡದಲ್ಲಿ, ಬಲಿಪೀಠವಿರುವ ಪೂರ್ವಭಾಗದ ಛಾವಣಿಯು ಸುಮಾರು 48 ಮೀಟರು ಎತ್ತರಕ್ಕೇರಿತು. 1284ರಲ್ಲಿ ಅದರ ಒಂದಂಶವು ಕುಸಿಯಿತು. ಕಾರಣದಲ್ಲಿ ವಿದ್ವಾಂಸರಿಗೆ ಮತಭೇದವುಂಟು. ಆದರೆ ಜೀರ್ಣೋದ್ಧಾರಕರು ಹಳೆಯ ಕಂಬಗಳ ನಡುವೆ ಹೊಸ ಕಂಬಗಳನ್ನು ನಿಲ್ಲಿಸಿದುದರಿಂದ, ಕಂಬಗಳ ಅಂತರವು ಅತಿಯಾಯಿತೆಂದು ಅವರು ಬಗೆದಂತೆ ತೋರುತ್ತದೆ.

1569ರಲ್ಲಿ ಮುಗಿದ 153 ಮೀಟರಿನ ಗೋಪುರವೂ 1573ರಲ್ಲಿ ಬಿದ್ದುಹೋಯಿತು. ಭಕ್ತರು ನೆರೆಯಬೇಕಾದ ಪಶ್ಚಿಮದ ಮಹಾಮಂಟಪವು ಪೂರ್ಣವಾಗಲೇ ಇಲ್ಲ. ಅದಕ್ಕೆಂದು ತೆರವಾಗಬೇಕಿದ್ದ ಹತ್ತನೆಯ ಶತಮಾನದ ಕಿರುದೇವಾಲಯದ ಉಳಿದ ಭಾಗವು ಇಂದಿಗೂ ಅಲ್ಲಿಯೇ ನಿಂತಿದೆ.