ಹೆಗಲು ಕೊಡೋರಿಲ್ಲದ ಸಾವು, ಆರದ ಅಳು

‘ಯಾವತ್ತೋ ಹೋದ ಗಂಡನಿಗೆ ಇನ್ನೂ ಏನಮ್ಮಾ ಅಳೋದು?’ ಅಂತ ಕೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಎಲುಬಿಲ್ಲದ ನಾಲಗೆ, ಏನಾದರೂ ಆಡೀತು!

2021ರ ಏಪ್ರಿಲ್-ಮೇ ನೆನೆಸಿಕೊಳ್ಳಿ. ಯಜಮಾನರು ಕೊರೋನಾ ಅಂತ ಆಸ್ಪತ್ರೆಗೆ ಹೋದರು, ವಾಪಸು ಬಂದದ್ದು ಫೋನು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹ, ದೂರದಿಂದ ಒಂದು ನೋಟ, ಅದೂ ಸಿಕ್ಕಿದ್ದರೆ. ಎಷ್ಟೋ ಮನೆಯವರಿಗೆ ಅಸ್ಥಿ ತರಲೂ ಆಗಲಿಲ್ಲ. ಆ ಜೂನ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ನೂರಾರು ಮಂದಿಯ ಅಸ್ಥಿಯನ್ನು ಸರ್ಕಾರವೇ ಕಾವೇರಿಗೆ ಬಿಟ್ಟಿತು. ನೆಂಟರಿಷ್ಟರು ಮನೆ ತುಂಬ ಕೂತು ಅತ್ತು, ತಿಥಿ ಊಟ ಉಂಡು ಹೋಗುವುದಿದೆಯಲ್ಲ, ನಮ್ಮ ಲೆಕ್ಕಕ್ಕೆ ಅದೂ ಒಂದು ಮದ್ದೇ. ಲಾಕ್‌ಡೌನಿನಲ್ಲಿ ಅದೂ ದಕ್ಕಲಿಲ್ಲ.

ಬಹಳ ಜನರಿಗೆ ದುಃಖ ಮೆಲ್ಲಗೆ ಆರುತ್ತದೆ, ನಿಜ. ಆದರೆ ಆರು ತಿಂಗಳು ಮೀರಿದರೂ ಹೋದವರದ್ದೇ ಹಂಬಲ, ಅಂಗಡಿ ಬಾಗಿಲು ತೆಗೆಯಲೂ ಕೈಯೇಳದು ಅಂತಾದರೆ? ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಗಳ ಪಟ್ಟಿಗೇ ಸೇರಿಸಿದೆ. 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಅಮೆರಿಕದ ಮನೋವೈದ್ಯರು ದೊಡ್ಡವರಿಗೆ ಒಂದು ವರ್ಷ ಅನ್ನುತ್ತಾರೆ. ಹುಚ್ಚಲ್ಲ ಸ್ವಾಮಿ, ತಿಳಿದವರ ಹತ್ತಿರ ಕೂತು ಮಾತಾಡುತ್ತಾ ಹೋದರೆ ಹಗುರವಾಗುವಂಥದ್ದು.

ಸರ್ಕಾರದ ‘ಟೆಲಿ ಮಾನಸ್’ ಇದೆ, ನಂಬರು 14416. ಕಾಸಿಲ್ಲ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ನಂಬರು ಒತ್ತಿಕೊಡೋದಕ್ಕೆ ಪಕ್ಕದ ಅಂಗಡಿಯವರಾದರೂ ಸಾಕು.